ಕೆಂಚಿ ಕೆರೆದ ಜಾಗ

ಎರಡನೆಯ ಗುಂಡಿಯಿಂದಲೂ ಬರೀ ಒಣಮಣ್ಣೇ ಮೇಲೆ ಬಂತು.

"ಆಕಾಶದಾಗಿಂದ ಫೋಟೋ ತಗದು ನೀರು ಹುಡುಕೂದಂತ!" ಎಂದು ದೇವಿಕೊಪ್ಪದ ಪಂಚಾಯ್ತಿ ಚೇರಮನ್ ಮಡಿವಾಳೆಪ್ಪ ನಕ್ಕ.

ಭೂಗರ್ಭ ಇಲಾಖೆಯ ಅಬ್ದುಲಮಜೀದ ಸಾಹೇಬರು ಬೆವರು ಒರೆಸಿಕೊಂಡು ಮತ್ತೆ ಹಾಳೆ ಬಿಡಿಸಿದರು. ಉಪಗ್ರಹ ನೆಲದ ಬಿಸಿ ಅಳೆದು ತೆಗೆದ ಚಿತ್ರ ಅದು. ಬಿಸಿ ನೆಲ ಬಿಳುಪು, ಒರತೆಯ ತಂಪು ನೆಲ ಕಪ್ಪು. ಈ ಇಳಿಜಾರಿನಲ್ಲಿ ಕಪ್ಪು ಚುಕ್ಕೆ ಇದ್ದದ್ದು ಒಂದೇ. ಆದರೆ ಆ ಒಂದು ಚುಕ್ಕೆಯೊಳಗೇ ಮೂರೂವರೆ ಎಕರೆ ಹೊಲ! ಎಲ್ಲಿ ಅಂತ ಅಗೆಯುವುದು?

"ಹತ್ತ ವರ್ಷದಿಂದ ನಾ ಈ ಹೊಲದಾಗ ನೀರೈತಂತ ಹೇಳಾಕತ್ತೇನ್ರಿ," ಎಂದಳು ಕುರಿಕಾಯುವ ಮೈಲಾರವ್ವ. "ಬ್ಯಾಸಗ್ಯಾಗ ನನ್ನ ಮುದಿ ಕುರಿ ಈ ಹೊಲ ಬಿಟ್ಟು ಬ್ಯಾರೆ ಕಡೆ ಮಲಗೂದಿಲ್ಲ."

ಅವಳ ಬಸುರಿ ಸೊಸೆ ಫಕೀರವ್ವ ದಿನಾ ಎರಡು ಮೈಲಿ ದೂರದ ಹಳ್ಳದಿಂದ ನೀರು ಹೊರುತ್ತಿದ್ದಳು. ಹೋದ ವಾರ ಕೊಡದ ಸಮೇತ ಬಿದ್ದಿದ್ದಳು. ಇವತ್ತು ನೀರು ಬೀಳದಿದ್ದರೆ ಸಾಹೇಬರ ಜೀಪು ಬೇರೆ ಊರಿಗೆ ಹೋಗುತ್ತಿತ್ತು. ಸಾಹೇಬರು ಬರುತ್ತಾರೆಂದು ಬೆಳಿಗ್ಗೆಯೇ ಕುರಿಗಳನ್ನು ಹೊಲದಿಂದ ಅಟ್ಟಿಸಿದ ಶಾಣ್ಯಾ ಬೇರೆ ಯಾರೂ ಅಲ್ಲ, ಈ ಮಡಿವಾಳೆಪ್ಪನೇ.

"ಏ ಮುದುಕಿ, ಕುರಿ ಮಾತು ಕೇಳಿ ಬಾವಿ ತೋಡ್ತಾರೇನ? ನಿನ್ನ ಕುರಿ ನೀರು ತೋರಿಸ್ತಂದ್ರ ಮೊದಲನೇ ಕೊಡ ನಾನೇ ಹೊತ್ತು ಅದಕ್ಕ ಕುಡಸ್ತೇನಿ!"

"ಹತ್ತು ಮಂದಿ ಕೇಳ್ಯಾರ್ರಿ ಚೇರಮನ್ನರ. ಮಾತು ತಿರಗಬಾರದ ನೋಡ್ರಿ."

ಮಟಮಟ ಮಧ್ಯಾಹ್ನ. ಮೈಲಾರವ್ವ ಕುರಿಗಳನ್ನು ಹೊಲಕ್ಕೆ ಬಿಟ್ಟಳು. ಎಲ್ಲವೂ ಒಂದರ ಹೊಟ್ಟೆಯಡಿ ಇನ್ನೊಂದು ತಲೆ ಹುದುಗಿಸಿ ನಿಂತವು. ಮುದಿ ಕುರಿ ಕೆಂಚಿ ಮಾತ್ರ ನೆಲ ಮೂಸುತ್ತ ಲಕ್ಕಿಗಿಡದ ಬಾಜೂಕ್ಕೆ ಹೋಯಿತು. ಮುಂಗಾಲಿನಿಂದ ಮೇಲಿನ ಸುಡುಮಣ್ಣು ಕೆರೆದು, ಅಲ್ಲೇ ಹೊಟ್ಟೆ ಊರಿ ಮಲಗಿತು.

"ಅಜ್ಜೀ, ದಿನಾ ಇಲ್ಲೇ ಏನ?" ಸಾಹೇಬರು ಓಡಿಬಂದರು.

"ಇಲ್ಲೇ ರೀ. ಇದರವ್ವನೂ ಇಲ್ಲೇ ಮಲಗತಿತ್ತು."

ಸಾಹೇಬರು ತಾವೇ ಗುದ್ದಲಿ ಹಿಡಿದರು. ಆಳುದ್ದ ಇಳಿಯುವಷ್ಟರಲ್ಲಿ ಮಣ್ಣು ಹಸಿಯಾಯಿತು. ಇನ್ನೊಂದು ಮೊಳ ಇಳಿದದ್ದೇ ತಡ, ಹಾರೆ ಹಾಕಿದ ಸಂದಿಯಿಂದ ನೀರು ಬುಳುಬುಳು ಎದ್ದಿತು.

"ಗಂಗವ್ವ ಬಂದ್ಲಬೇ ಅತ್ತಿ!" ಫಕೀರವ್ವ ಕೂಗಿದಳು. ಮೈಲಾರವ್ವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸೊಸೆಯನ್ನು ತಬ್ಬಿಕೊಂಡು ಅತ್ತಳು, ನಕ್ಕಳು.

ಸಂಜೆಗೆ ನೀರು ತಿಳಿಯಾಯಿತು. ಊರಿಗೆ ಊರೇ ಮಡಿವಾಳೆಪ್ಪನ ಮುಖ ನೋಡುತ್ತಿತ್ತು. ಅವನು ಧೋತರ ಮೇಲೆ ಕಟ್ಟಿ, ಕೊಡ ತುಂಬಿ, ಹೆಗಲಿಗೇರಿಸಿ ತಂದು ಕೆಂಚಿಯ ಮುಂದೆ ಬಾಗಿದ. ಕೆಂಚಿ ಮೊದಲು ಅವನ ರುಮಾಲಿನ ಸೆರಗನ್ನು ಮೂಸಿತು, ಸ್ವಲ್ಪ ಜಗಿದೂ ನೋಡಿತು. ಆಮೇಲೆ ಕೊಡಕ್ಕೆ ಬಾಯಿ ಹಾಕಿತು.

"ಸಾವಕಾಶ ಕುಡಿಯವ್ವ," ಎಂದಳು ಮೈಲಾರವ್ವ. "ಚೇರಮನ್ನರಿಗೇನೂ ಅವಸರಿಲ್ಲ."

ಕೆಂಚಿ ತಲೆ ಎತ್ತುವವರೆಗೂ ಮಡಿವಾಳೆಪ್ಪ ಬಾಗಿಸಿದ ಕೊಡ ಹಿಡಿದೇ ನಿಂತಿದ್ದ.