ಕಾಗದವಿಲ್ಲದ ಒಂದು ಗಂಟೆ

ಗೆರ್ಲಿಂಡೆ ಪೇಟ್ಸೋಲ್ಟ್ ಮೈಕಿನ ಮುಂದೆ ಇಪ್ಪತ್ತು ವರ್ಷ ಕೂತವಳು. ಆದರೆ ಅಷ್ಟೂ ವರ್ಷಗಳಲ್ಲಿ ಅಲ್ಲಿ ತನ್ನದೆನ್ನುವ ಒಂದು ಮಾತನ್ನೂ ಆಡಿದವಳಲ್ಲ. ಹಳೆಯ ಸರ್ಕಾರದ ರೇಡಿಯೋದಲ್ಲಿ ಪದ್ಧತಿಯೇ ಹಾಗಿತ್ತು. ಹೇಳಬೇಕಾದ್ದನ್ನು ಟೈಪು ಮಾಡಬೇಕು, ಮೇಲಿನವರು ಕಣ್ಣಾಡಿಸಬೇಕು, ಮುದ್ರೆ ಬೀಳಬೇಕು, ಆಮೇಲೆ ಓದಬೇಕು. ಕೇಳುಗರಿಗೆ ‘ಶುಭ ಮಧ್ಯಾಹ್ನ’ ಎನ್ನುವುದಕ್ಕೂ ಮುದ್ರೆ ಬೇಕಿತ್ತು. ಸೀನು ಒಂದಕ್ಕೆ ಮಾತ್ರ ವಿನಾಯಿತಿ, ಅದೂ ಚಿಕ್ಕದಾಗಿದ್ದರೆ.

ಅವಳ ಕಾರ್ಯಕ್ರಮವೇನು ದೇಶ ಉರುಳಿಸುವಂಥದ್ದಲ್ಲ. ‘ಬೇಲಿ ಪಕ್ಕದ ಮಾತು’ ಎಂದು ಹೆಸರು. ಕೈತೋಟ ಇಟ್ಟುಕೊಂಡವರ ಪ್ರಶ್ನೆಗಳಿಗೆ ಉತ್ತರ. ಕೇಳುಗರು ಪತ್ರಗಳನ್ನೇನೋ ರಾಶಿ ರಾಶಿ ಬರೆಯುತ್ತಿದ್ದರು. ಆದರೆ ಅವರಿಗೆ ಬೇಕಾಗಿದ್ದದ್ದು ನೀರಿನ ಪೈಪು ಯಾವ ಅಂಗಡಿಯಲ್ಲಿ ಸಿಗುತ್ತದೆ, ಬೇಲಿಗೆ ಮೊಳೆ ಯಾವಾಗ ಬರುತ್ತದೆ ಎಂಬುದು. ಅದಕ್ಕೆ ಉತ್ತರ ಮಂತ್ರಿಗಳ ಹತ್ತಿರವೂ ಇರಲಿಲ್ಲ. ಹಾಗಾಗಿ ಉತ್ತರವಿರುವ ಪ್ರಶ್ನೆಗಳನ್ನು ಗೆರ್ಲಿಂಡೆ ತಾನೇ ಬರೆದು, ಕೆಳಗೆ ಯಾವುದೋ ಊರಿನ ಯಾರದೋ ಹೆಸರು ಹಾಕಿ, ತಾನೇ ಉತ್ತರಿಸುತ್ತಿದ್ದಳು. ಇದರಲ್ಲಿ ಮೋಸವಿದೆ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ಸೂಪಿಗೆ ಉಪ್ಪು ಹಾಕುವಷ್ಟೇ ಸಹಜವಾದ ಕೆಲಸ ಅದು.

ಆಮೇಲೆ ಪೂರ್ವ ಪಶ್ಚಿಮಗಳ ನಡುವಿನ ಗೋಡೆ ಬಿತ್ತು, ಎರಡು ದೇಶ ಒಂದಾಯಿತು, ಹಳೆಯ ರೇಡಿಯೋಕ್ಕೆ ಬೀಗ ಬಿತ್ತು. ಅದೇ ಕಟ್ಟಡದಲ್ಲಿ, ಅದೇ ಕಿರುಗುಟ್ಟುವ ಲಿಫ್ಟಿನ ಸಮೇತ, ಪ್ರಾಂತ್ಯದ ಹೊಸ ರೇಡಿಯೋ ಶುರುವಾಯಿತು. ಬಾಗಿಲ ಮೇಲಿನ ಫಲಕ ಬದಲಾಯಿತು, ಕ್ಯಾಂಟೀನಿನ ಕಾಫಿ ಸುಧಾರಿಸಿತು, ಅದನ್ನು ಕುಡಿಯುವವರಲ್ಲಿ ಅರ್ಧ ಜನ ಮನೆಗೆ ಹೋದರು. ಉಳಿದವರ ಮೇಲೆ ಪಶ್ಚಿಮದ ಬ್ರೆಮೆನ್‌ನಿಂದ ಒಬ್ಬ ಮುಖ್ಯಸ್ಥ ಬಂದ. ಹೆಸರು ಟೀಡೆಮಾನ್. ನಿಂತೇ ಊಟ ಮಾಡುವ, ಮೆಟ್ಟಿಲನ್ನು ಎರಡೆರಡಾಗಿ ಹತ್ತುವ ಆಸಾಮಿ. ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಬೈದುಕೊಳ್ಳುವುದಕ್ಕಾದರೂ ಅನುಕೂಲವಾಗುತ್ತಿತ್ತು.

ತೊಂಬತ್ತೆರಡರ ಸೆಪ್ಟೆಂಬರಿನಲ್ಲಿ ಅವನು ಗೆರ್ಲಿಂಡೆಯನ್ನು ಕರೆದು ಕಡ್ಡಿ ಮುರಿದಂತೆ ಹೇಳಿದ.

“ಫ್ರೌ ಪೇಟ್ಸೋಲ್ಟ್, ಈ ಗುರುವಾರದಿಂದ ನಿಮ್ಮದು ನೇರ ಪ್ರಸಾರ. ಜನ ಫೋನ್ ಮಾಡ್ತಾರೆ, ನೀವು ಮಾತಾಡ್ತೀರಿ. ಕಾಗದ ಗೀಗದ ಏನೂ ಬೇಡ.”

“ನಮ್ಮ ಜನರ ಮನೇಲಿ ಫೋನೇ ಇಲ್ವಲ್ಲ, ಹೆರ್ ಟೀಡೆಮಾನ್? ಅರ್ಜಿ ಹಾಕಿ ಕಾಯ್ತಾ ಕಾಯ್ತಾ ಮಕ್ಕಳ ಮದುವೆ ಮಾಡಿದವರಿದ್ದಾರೆ.”

“ನನಗೆ ಗೊತ್ತು. ನನ್ನ ಮೇಲಿನವರಿಗೆ ಅದು ಬೇಕಾಗಿಲ್ಲ. ಫೋನ್ ಬರಲಿಲ್ಲ ಅಂದ್ರೆ ಆ ಗಂಟೆಯನ್ನ ಹಾಡುಗಳಿಗೆ ಕೊಡ್ತಾರೆ. ಆಮೇಲೆ ನಿಮಗೆ ಕೊಡೋಕೆ ನನ್ನ ಹತ್ತಿರ ಬೇರೆ ಕೆಲಸ ಇಲ್ಲ. ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ, ಕ್ಷಮಿಸಿ.”

ಕೆಲಸ ಕಳೆದುಕೊಂಡು ಮನೆಯಲ್ಲಿ ಕೂರುವುದು ಹೇಗಿರುತ್ತದೆಂದು ಗೆರ್ಲಿಂಡೆಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಮನೆಯಲ್ಲಿ ಆಗಲೇ ಒಬ್ಬ ಕೂತಿದ್ದ. ಗಂಡ ಲೋಥಾರ್ ತಮ್ಮ ಹಳ್ಳಿಯ ಟ್ರಾಕ್ಟರ್ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದ. ಅದು ಮುಚ್ಚಿದ ಮೇಲೆ ಕೆಟ್ಟಿರದ ಗಡಿಯಾರಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡತೊಡಗಿದ್ದ. ಈಗ ಮನೆಯಲ್ಲಿ ಒಂದೂ ಗಡಿಯಾರ ಸರಿಯಾಗಿ ನಡೆಯುತ್ತಿರಲಿಲ್ಲ. ತಾನೂ ಅವನ ಎದುರು ಕೂತುಬಿಟ್ಟರೆ ಇನ್ನೇನೇನು ಕೆಡುತ್ತದೋ ಎಂದು ಅವಳಿಗೆ ನಿಜಕ್ಕೂ ದಿಗಿಲಾಯಿತು.

ದಿಗಿಲಾದಾಗ ಮನುಷ್ಯ ಹಳೆಯ ವಿದ್ಯೆಗೇ ಕೈ ಹಾಕುತ್ತಾನೆ. ಅವಳು ಟೈಪ್‌ರೈಟರ್ ತೆಗೆದು ಮೂರು ಪ್ರಶ್ನೆ, ಮೂರು ಉತ್ತರ ಬರೆದಳು. ಪ್ರಶ್ನೆಗಳನ್ನು ಗಂಡನ ಕೈಗಿಟ್ಟಳು.

“ಟೆಂಪ್ಲಿನ್‌ನ ಕ್ರೌಸೆ, ಶ್ವೇಟ್‌ನ ನೋವಾಕ್, ಆಮೇಲೆ ಯಾರೋ ಮುದುಕ ಬಾಯ್ಟಲ್,” ಲೋಥಾರ್ ಓದಿದ. “ಮೂರು ಜನಾನೂ ನಾನೇನಾ?”

“ದನಿ ಬದಲಾಯಿಸಿದರಾಯ್ತು.”

“ನನ್ನ ದನಿ ಇಂಜಿನ್ ಪಕ್ಕ ಬೆಳೆದದ್ದು ಕಣೇ. ಅದಕ್ಕಿರೋದು ಒಂದೇ ಗೇರು.”

“ಹಾಗಾದ್ರೆ ಮೂರು ಜನಕ್ಕೂ ನೆಗಡಿ ಆಗಿದೆ ಅಂದುಕೊಳ್ತಾರೆ. ಅಂಗಡಿ ಮುಂದಿನ ಫೋನ್ ಡಬ್ಬಿಗೆ ಬೇಗ ಹೋಗಿ ನಿಂತ್ಕೋ. ಯಾರನ್ನೂ ಒಳಗೆ ಬಿಡಬೇಡ.”

ಗುರುವಾರ ಗೆರ್ಲಿಂಡೆ ಬೀಜದ ಅಂಗಡಿಯ ಬಣ್ಣದ ಪುಸ್ತಕವೊಂದನ್ನು ಹಿಡಿದು ಸ್ಟುಡಿಯೋದೊಳಗೆ ಹೋದಳು. ಉತ್ತರಗಳು ಅದರ ಹಾಳೆಗಳ ನಡುವೆ ಬೆಚ್ಚಗೆ ಮಲಗಿದ್ದವು. ಗಾಜಿನ ಆಚೆ ಧ್ವನಿಯಂತ್ರದ ಮುಂದೆ ಯೂಟಾ, ಹಳೆಯ ಕಾಲದಿಂದಲೂ ಜೊತೆಗಿದ್ದ ಗೆಳತಿ. ಅವಳ ಬೆನ್ನಿಗೆ ಟೀಡೆಮಾನ್, ಕೈಕಟ್ಟಿಕೊಂಡು.

ಕೆಂಪು ದೀಪ ಹತ್ತಿತು. ಗೆರ್ಲಿಂಡೆ ಕೇಳುಗರನ್ನು ಸ್ವಾಗತಿಸಿ, ಫೋನ್ ನಂಬರು ಹೇಳಿ, ಹಾಡು ಹಾಕಿಸಿದಳು. ಹಾಡು ಮುಗಿಯಿತು. ಮತ್ತೆ ನಂಬರು ಹೇಳಿದಳು, ಮತ್ತೆ ಹಾಡು. ಟೀಡೆಮಾನ್ ಗಡಿಯಾರ ನೋಡುವುದನ್ನು ಬಿಟ್ಟು ತನ್ನ ಬೂಟು ನೋಡತೊಡಗಿದ. ಅಂತೂ ಫೋನಿನ ದೀಪ ಮಿನುಗಿತು.

“ಶುಭ ಮಧ್ಯಾಹ್ನ,” ಎಂದಿತು ಇಡೀ ಪ್ರಾಂತ್ಯದ ಕಿವಿಯಲ್ಲಿ ಒಂದು ಕರಡಿಯ ದನಿ. “ನಾನು. ಟೆಂಪ್ಲಿನ್‌ನಿಂದ. ಹೆರ್ ಕ್ರೌಸೆ. ಮಾತಾಡುತ್ತಿದ್ದೇನೆ. ನನ್ನ ಕ್ಯಾರೆಟ್ ಪಾತಿಯಲ್ಲಿ. ಇಲಿಗಳ ಕಾಟ. ವಿಪರೀತವಾಗಿದೆ.”

ಗೆರ್ಲಿಂಡೆ ಉತ್ತರದ ಹಾಳೆಗೆ ಕೈ ಹಾಕಿದಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಫೋನಿನೊಳಗಿಂದಲೇ, ಕ್ರೌಸೆಯ ಹೆಗಲ ಹಿಂದಿನಿಂದ, ಹೆಂಗಸೊಬ್ಬಳ ದನಿ ಗಂಟೆ ಹೊಡೆದಂತೆ ಕೇಳಿತು. ಪಕ್ಕದ ತೋಟದ ಫ್ರೌ ಶಾಡೋ.

“ಅಯ್ಯೋ ಲೋಥಾರ್, ನೀನ್ಯಾವಾಗ ಟೆಂಪ್ಲಿನ್‌ನವನಾದೆ? ನಿನ್ನ ಪಾತೀಲಿ ಕ್ಯಾರೆಟ್ಟೇ ಇಲ್ಲ, ಇಲಿ ಏನು ನಿನ್ನ ಮುಖ ನೋಡೋಕೆ ಬರುತ್ತಾ?”

ಹಿಂದೆ ಹತ್ತಾರು ಜನ ಗೊಳ್ಳೆಂದು ನಕ್ಕರು. ಆಮೇಲೆ ಮೌನ. ರೇಡಿಯೋದಲ್ಲಿ ಮೌನವೆಂದರೆ ಮನೆಗೆ ಬೆಂಕಿ ಬಿದ್ದಂತೆ. ಯೂಟಾ ಗಾಜಿನಾಚೆಯಿಂದ ಕಣ್ಣಲ್ಲೇ ‘ಮಾತಾಡು, ಏನಾದ್ರೂ ಮಾತಾಡು’ ಎಂದು ಅಂಗಲಾಚುತ್ತಿದ್ದಳು. ಗೆರ್ಲಿಂಡೆಯ ಕೈಯಲ್ಲಿ ಉತ್ತರವಿತ್ತು, ಅದಕ್ಕೆ ಪ್ರಶ್ನೆಯೇ ಉಳಿದಿರಲಿಲ್ಲ. ಕೆಲಸ ಹೋಯಿತು ಎಂದುಕೊಂಡಳು. ಹೋಯಿತು ಎನ್ನುವುದು ಖಚಿತವಾದದ್ದೇ ಅವಳಿಗೆ ವಿಚಿತ್ರವಾದ ನಿರಾಳ.

“ಅದು ನನ್ನ ಗಂಡ,” ಎಂದಳು ಮೈಕಿಗೆ. “ಯಾರೂ ಫೋನ್ ಮಾಡಲ್ಲ ಅಂತ ಹೆದರಿ ಪ್ರಶ್ನೆ ನಾನೇ ಬರೆದುಕೊಟ್ಟಿದ್ದೆ. ಅಭ್ಯಾಸಬಲ, ಏನ್ಮಾಡೋದು. ಲೋಥಾರ್, ಅಲ್ಲೇನು ಅಷ್ಟು ಗಲಾಟೆ?”

“ನೀನೇ ಹೇಳಿದ್ಯಲ್ಲ, ಬೇಗ ಹೋಗಿ ನಿಲ್ಲು ಅಂತ,” ಲೋಥಾರ್‌ನ ಮಾತು ಈಗ ಸಲೀಸಾಗಿತ್ತು. “ನಾನು ನಿಂತಿದ್ದು ನೋಡಿ ನನ್ನ ಹಿಂದೆ ಇನ್ನೊಬ್ಬರು ನಿಂತ್ರು, ಅವರ ಹಿಂದೆ ಮತ್ತೊಬ್ಬರು. ಸಾಲು ಬೇಕರಿ ದಾಟಿದೆ.”

“ಯಾತಕ್ಕೆ ನಿಂತಿದೀವಿ ಅಂತ ಅವರಿಗೆ ಗೊತ್ತಾ?”

“ನಿಂತಾದ ಮೇಲೆ ಕೇಳಿದ್ರು. ರೇಡಿಯೋಗೆ ಫೋನ್ ಮಾಡೋಕೆ ಅಂದೆ. ಒಬ್ಬರೂ ವಾಪಸ್ ಹೋಗಲಿಲ್ಲ.”

ಹೋಗುವುದಾದರೂ ಹೇಗೆ? ಸಾಲು ಕಂಡರೆ ಮೊದಲು ನಿಲ್ಲು, ಏನು ಕೊಡುತ್ತಾರೆಂದು ಆಮೇಲೆ ವಿಚಾರಿಸು ಎಂದು ನಲವತ್ತು ವರ್ಷ ಕಲಿತ ಜನ. ಕಿತ್ತಳೆಗೆ ನಿಂತವರು, ಶೂಗೆ ನಿಂತವರು, ಮೊಳೆಗೆ ನಿಂತವರು. ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಹೋಗುವುದೆಂದರೆ ಅವರಿಗೆ ಮಾನ ಹೋದ ಹಾಗೆ. ಕೇಳಲು ಪ್ರಶ್ನೆ ಇಲ್ಲದವರೂ ನಿಂತಲ್ಲೇ ಒಂದನ್ನು ಹುಡುಕಿಕೊಂಡರು.

ಫ್ರೌ ಶಾಡೋ ಲೋಥಾರ್‌ನ ಕೈಯಿಂದ ರಿಸೀವರ್ ಕಿತ್ತುಕೊಂಡು ತನ್ನ ಪಿಯರ್ ಮರದ ತುಕ್ಕುರೋಗದ ವರದಿ ಒಪ್ಪಿಸಿದಳು. ಅವಳ ಹಿಂದಿನವನಿಗೆ ಪ್ಲಮ್ ಹಣ್ಣಿನ ಹುಳು. ಇನ್ನೊಬ್ಬಳಿಗೆ ಕುಂಬಳಕಾಯಿಗಿಂತ ನಾದಿನಿಯ ಮೇಲಿನ ದೂರೇ ದೊಡ್ಡದು. ಗೆರ್ಲಿಂಡೆ ಉತ್ತರಿಸಿದಳು, ಗದರಿದಳು, ನಕ್ಕಳು, ನಾದಿನಿಯ ಪರ ಮಾತಾಡಿದಳು. ಬೀಜದ ಪುಸ್ತಕ ಯಾವಾಗ ನೆಲಕ್ಕೆ ಬಿತ್ತೋ ಅವಳಿಗೆ ತಿಳಿಯಲಿಲ್ಲ. ತನ್ನ ಬಾಯಲ್ಲಿ ಇಷ್ಟೊಂದು ಮಾತಿತ್ತೇ ಎಂದು ಅವಳಿಗೇ ಸೋಜಿಗ.

ಗಂಟೆ ಮುಗಿಯುತ್ತ ಬಂದಾಗ ಒಂದು ಮುದಿ ದನಿ ಬಂತು.

“ನಾನು ಎವಾಲ್ಟ್ ಮಾಟ್ಸ್ಕೆ, ಇದೇ ಊರು. ನನ್ನ ತೋಟದ ಜಾಗ ತಮ್ಮದು ಅಂತ ಪಶ್ಚಿಮದಿಂದ ಯಾರೋ ಅರ್ಜಿ ಹಾಕಿದ್ದಾರೆ. ಗೋಡೆ ಏಳೋಕೆ ಮುಂಚೆ ಅವರ ಅಜ್ಜನದಾಗಿತ್ತಂತೆ, ಇರಬಹುದು. ಕೋರ್ಟು ಯಾವಾಗ ತೀರ್ಮಾನ ಮಾಡುತ್ತೋ. ನಾನು ಕೇಳೋದು ಇಷ್ಟೇ, ಈ ಸಲ ಒಂದು ಸೇಬಿನ ಗಿಡ ನೆಡಬೇಕು ಅಂತಿದ್ದೆ. ನೆಡಲಾ, ಬೇಡವಾ?”

ಪಿಯರ್ ಮರಕ್ಕೆ ಔಷಧವಿದೆ, ಹುಳುವಿಗೆ ಸುಣ್ಣವಿದೆ. ಇದಕ್ಕೆ ಯಾವ ಪುಸ್ತಕದಲ್ಲೂ ಏನೂ ಇಲ್ಲ. ವಾರ್ತೆ ಓದುವವನು ಬಾಗಿಲಲ್ಲಿ ನಿಂತು ಕೈಗಡಿಯಾರ ತೋರಿಸುತ್ತಿದ್ದ. ಹಳೆಯ ಕಾಲದಲ್ಲಾಗಿದ್ದರೆ ಇಂಥ ಪ್ರಶ್ನೆ ಇಲ್ಲಿಯ ತನಕ ಬರುತ್ತಲೇ ಇರಲಿಲ್ಲ. ಬಂದಿದ್ದರೂ ಅದಕ್ಕೆ ಮುದ್ರೆ ಬಿದ್ದ, ಹಸನ್ಮುಖದ ಉತ್ತರವೊಂದು ತಯಾರಿರುತ್ತಿತ್ತು.

“ನನಗೆ ಗೊತ್ತಿಲ್ಲ, ಹೆರ್ ಮಾಟ್ಸ್ಕೆ,” ಎಂದಳು ಗೆರ್ಲಿಂಡೆ.

ಗಾಜಿನಾಚೆ ಯೂಟಾ ಬಾಯಿಗೆ ಕೈ ಇಟ್ಟುಕೊಂಡಳು. ಆ ಕಟ್ಟಡ ಕಟ್ಟಿದಂದಿನಿಂದ ಈ ಮಾತನ್ನು ಯಾರೂ ಅಲ್ಲಿ ಗಾಳಿಗೆ ಬಿಟ್ಟಿರಲಿಲ್ಲ.

“ಗೊತ್ತಿಲ್ಲ,” ಗೆರ್ಲಿಂಡೆ ಮತ್ತೆ ಹೇಳಿದಳು. “ಕೋರ್ಟು ಏನು ಮಾಡುತ್ತೋ, ಆ ಗಿಡದ ಹಣ್ಣು ನೀವು ತಿಂತೀರೋ ಇನ್ಯಾರು ತಿಂತಾರೋ, ನಾನು ಹೇಳಲಾರೆ. ನನ್ನದೇ ನನಗೆ ಗೊತ್ತಿಲ್ಲ. ಮುಂದಿನ ಗುರುವಾರ ನಾನಿಲ್ಲಿ ಇರ್ತೀನೋ ಇಲ್ವೋ.”

 

“ಇಷ್ಟು ವರ್ಷ ನಿಮ್ಮ ರೇಡಿಯೋ ಕೇಳಿದೀನಮ್ಮ,” ಎಂದ ಮಾಟ್ಸ್ಕೆ. “ಅದಕ್ಕೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಅದಕ್ಕೇ ನಾನು ಅದರ ಒಂದು ಮಾತನ್ನೂ ನಂಬ್ತಿರಲಿಲ್ಲ. ಸರಿ ಹಾಗಾದ್ರೆ, ಗುಂಡಿ ಎಷ್ಟು ಆಳ ತೋಡಲಿ?”

ಗೆರ್ಲಿಂಡೆಗೆ ಕಣ್ಣು ತುಂಬಿ ಬಂತು. ವಾರ್ತೆಯವನು ಬಾಗಿಲು ತಟ್ಟಿದ. ಟೀಡೆಮಾನ್ ಅವನ ತೋಳು ಹಿಡಿದು ಹೊರಗೆ ನಿಲ್ಲಿಸಿ, ಗಾಜಿನ ಹತ್ತಿರ ಬಂದು, ಮುಂದುವರಿಸಿ ಎಂದು ಕೈಸನ್ನೆ ಮಾಡಿದ.

“ಮೊಣಕಾಲುದ್ದ, ಹೆರ್ ಮಾಟ್ಸ್ಕೆ,” ಎಂದಳು ಅವಳು, ಮೂಗು ಒರೆಸಿಕೊಂಡು. “ಅಗಲ ಅದಕ್ಕಿಂತ ಜಾಸ್ತಿ ಇರಲಿ. ಬೇರು ಮಡಚಬಾರದು.”