ಯಾರೂ ಬಾಗಿಲು ತಟ್ಟುವುದಿಲ್ಲ

ಪರದೆ ಇನ್ನೂ ಎಳೆದೇ ಇದೆ, ಹಸಿರು ಗೀಟಿನ ಪರದೆ, ಹೊಲಿದವಳು ತಾನೇ, ಏಪ್ರಿಲ್ಲಿನ ಬಿಸಿಲು ನೇರ ಅದರ ಮೇಲೇ ಬಿದ್ದಿದೆ, ಇಷ್ಟು ಬೆಳಕಿನಲ್ಲಿ, ಹತ್ತು ಗಂಟೆ ಐವತ್ತೇಳು ನಿಮಿಷಕ್ಕೆ, ಯಾರಾದರೂ ಮಲಗಿರುತ್ತಾರೆಯೇ, ಮಲಗಿರಬಹುದು, ರಜೆಗೆ ಬಂದವರಲ್ಲವೇ, ವರ್ಷವಿಡೀ ಕೆಲಸದ ಹಿಂದೆ ಓಡಿದವರು ಇಲ್ಲಿಗೆ ಬಂದು ಸತ್ತವರ ಹಾಗೆ ನಿದ್ದೆ ಹೊಡೆಯುತ್ತಾರೆ — ಥೂ, ಎಂಥ ಮಾತು, ಮೆರಿಯಲ್ ಪ್ರೊಬರ್ಟ್ ತುಟಿ ಕಚ್ಚಿಕೊಂಡು ಬುಟ್ಟಿಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದಳು, ಒಗೆದು ಇಸ್ತ್ರಿ ಮಾಡಿದ ಹಾಸುಬಟ್ಟೆ, ದಿಂಬಿನ ಚೀಲ, ಎಲ್ಲದರ ಅಡಿಯಲ್ಲಿ ಅದು, ಅದರ ಕಡೆ ನೋಡಬೇಡ, ಮೇಲೆ ನೋಡು, ಗಾಲಿಮನೆಯ ತಗಡಿನ ಚಾವಣಿ ನೋಡು, ಹೊಗೆ ಕೊಳವೆಯಿಂದ ಹೊಗೆ ಬರುತ್ತಿಲ್ಲ, ಮೆಟ್ಟಿಲ ಮೇಲೆ ಎರಡು ಜೊತೆ ರಬ್ಬರ್ ಬೂಟು, ಗೇಟಿನ ಹತ್ತಿರ ಅವರ ಬಿಳಿ ಕಾರು, ಗಾಜಿನ ಮೇಲೆ ರಾತ್ರಿಯ ಹಿಮ ಕರಗಿ ಇಳಿಯುತ್ತಿದೆ, ಅಂದರೆ ಕಾರು ಅಲುಗಿಲ್ಲ, ಬೂಟು ಅಲುಗಿಲ್ಲ, ಒಳಗಿರುವ ಇಬ್ಬರೂ ಅಲುಗಿಲ್ಲ. ಹತ್ತು ಗಂಟೆಗೆ ಜಾಗ ಬಿಡಬೇಕಾದವರು. ಡಂಕನ್ ಮತ್ತು ಹೆಸ್ಟರ್, ಕವೆಂಟ್ರಿಯವರು, ಮೂರು ರಾತ್ರಿಗೆ ಬಂದವರು, ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತಂತೆ, ಬಂದ ದಿನ ಹೆಸ್ಟರ್ ಗಾಲಿ ಮುಟ್ಟಿ ನೋಡಿ, ಇದು ನಿಜವಾದ್ದೇನ್ರೀ ಎಂದು ಕೇಳಿದ್ದಳು, ನಿಜವಾದ್ದೇ, ಗಂಡ ಐವರನ ಅಜ್ಜ ಕುರಿ ಈಯುವ ಕಾಲದಲ್ಲಿ ಇದನ್ನು ಬೆಟ್ಟದ ಮೇಲೆ ಎಳೆದುಕೊಂಡು ಹೋಗಿ ಇದರಲ್ಲೇ ಮಲಗುತ್ತಿದ್ದ, ಆಗ ಇದರಲ್ಲಿ ಕುರಿ ಉಚ್ಚೆಯ ವಾಸನೆ, ಈಗ ಲ್ಯಾವೆಂಡರ್. ಏನೂ ಆಗಿರುವುದಿಲ್ಲ. ಒಲೆಯ ವಿಷಗಾಳಿ ಅಂದರೆ ಎಲ್ಲೋ ಪೇಪರಿನಲ್ಲಿ ಓದುವಂಥದ್ದು, ನಮ್ಮ ಹೊಲದಲ್ಲಿ ಆಗುವಂಥದ್ದಲ್ಲ.

ಕಾಲು ಬೇಗ ಇಡು ಅಂದರೆ ಕಾಲು ಕೇಳಬೇಕಲ್ಲ, ಹುಲ್ಲು ಒದ್ದೆ, ಏರು ಬೇರೆ, ಓಡಿದರೆ ಏದುಸಿರು ಬಿಡುತ್ತ ಅವರ ಬಾಗಿಲ ಮುಂದೆ ನಿಲ್ಲಬೇಕು, ಆಗ ಅವರು ಬಾಗಿಲು ತೆಗೆದು, ಏನ್ ಮಿಸೆಸ್ ಪ್ರೊಬರ್ಟ್, ಮನೆಗೆ ಬೆಂಕಿ ಬಿತ್ತಾ ಅಂತ ನಕ್ಕರೆ, ನಗಲಿ, ನಗಲಿ ದೇವರೇ, ಜೀವಮಾನವೆಲ್ಲ ನಗಲಿ. ಯಾರೂ ಬಾಗಿಲು ತಟ್ಟುವುದಿಲ್ಲ — ಅದನ್ನು ಬರೆದವಳೂ ತಾನೇ, ದಪ್ಪ ಕಾಗದದ ಮೇಲೆ, ಓರೆ ಅಕ್ಷರದಲ್ಲಿ, ಪ್ರತಿ ದಿಂಬಿನ ಮೇಲೂ ಒಂದು, ನೀವು ಹೊರಡುವ ತನಕ ಯಾರೂ ನಿಮ್ಮ ಬಾಗಿಲು ತಟ್ಟುವುದಿಲ್ಲ, ಐವರ್ ಅದನ್ನು ಓದಿ, ಈ ಐಷಾರಾಮದ ಬಿಡಾರಕ್ಕೆ ಗ್ಲ್ಯಾಂಪಿಂಗ್ ಅಂತಾರೇನೇ, ನಮ್ಮಪ್ಪ ಜೈಲು ಅಂತಿದ್ದ ಅಂದಿದ್ದ. ಹೋದ ವರ್ಷ ಒಂದು ಜೋಡಿ ಹೀಗೇ ತಡ ಮಾಡಿದ್ದರು, ಹತ್ತೂಕಾಲಿಗೆ ಬರೀ ಎರಡು ಸಲ ತಟ್ಟಿದ್ದಕ್ಕೆ ಮನೆಗೆ ಹೋಗಿ ನೆಟ್ಟಿನಲ್ಲಿ ಬರೆದರು, ಜಾಗ ಚೆನ್ನ, ಯಜಮಾನಿ ಮಾತ್ರ ಕಾವಲು ಕಾಯುತ್ತಾಳೆ ಅಂತ, ಮೂರೇ ನಕ್ಷತ್ರ, ಆ ಮೂರು ನಕ್ಷತ್ರ ಚಳಿಗಾಲವೆಲ್ಲ ಅವಳ ಎದೆಯಲ್ಲಿ ಚುಚ್ಚಿಕೊಂಡೇ ಇದ್ದವು. ಫೋನ್ ಮಾಡೋಣ ಅಂದರೆ ಅವರ ಫೋನುಗಳು ಅವಳ ಅಡುಗೆಮನೆಯ ಮರದ ಪೆಟ್ಟಿಗೆಯಲ್ಲಿ, ಅದೂ ತನ್ನದೇ ಬುದ್ಧಿವಂತಿಕೆ, ಬಂದವರು ಫೋನು ಪೆಟ್ಟಿಗೆಗೆ ಹಾಕಬೇಕು, ಹೊರಡುವಾಗ ತೆಗೆದುಕೊಳ್ಳಬೇಕು, ಮೂರು ದಿನ ಜಗತ್ತಿನ ಕಾಟವಿಲ್ಲ. ಹೆಸ್ಟರ್ ನಿನ್ನೆ ಸಂಜೆ ಮೊಟ್ಟೆ ತಗೊಂಡು ಹೋಗೋಕೆ ಬಂದಾಗ ಹೇಳಿದ್ದಳು, ಬೆಳಗ್ಗೆ ಒಂಬತ್ತೂವರೆಗೇ ಬಂದು ಫೋನ್ ಇಸ್ಕೋತೀನಿ, ಹತ್ತಕ್ಕೆ ಮಗಳು ಮಾಡ್ತಾಳೆ, ಬಸುರಿ ಅವಳು, ನಾಳೇನೇ ಡಾಕ್ಟರು ಸ್ಕ್ಯಾನ್ ಮಾಡೋದು, ಮರೆತರೆ ಕೊಂದೇಬಿಡ್ತಾಳೆ. ಒಂಬತ್ತೂವರೆಗೆ ಬರಲಿಲ್ಲ. ಹತ್ತಕ್ಕೆ ಪೆಟ್ಟಿಗೆಯೊಳಗೆ ಫೋನು ಗುರ್ ಅಂತು, ಮರದ ಮೇಲೆ ಜಾರುತ್ತ ಗುರ್ ಅಂತು. ಹತ್ತು ಇಪ್ಪತ್ತಕ್ಕೆ ಮತ್ತೆ. ಮೆರಿಯಲ್ ಪಾತ್ರೆ ಒರೆಸುತ್ತ, ಪಾಪ, ಮಗು ಚೆನ್ನಾಗಿದೆಯಂತೋ ಏನೋ ಅಂದುಕೊಂಡಳು. ಮೂರನೆಯ ಸಲ ಗುರ್ ಅಂದಾಗ, ಒರೆಸಿದ ಚಮಚ ಇಡಲು ಖಾನೆ ಎಳೆದಾಗ, ಚಮಚಗಳ ಪಕ್ಕದಲ್ಲಿ ಅದು ಮಲಗಿತ್ತು. ಅಂಗೈಯಗಲದ ಬಿಳಿ ಅಲಾರಂ, ವಿಷಗಾಳಿ ಸೋಕಿದರೆ ಕೂಗುವಂಥದ್ದು. ಗಾಲಿಮನೆಯ ಹಾಸಿಗೆಯ ಮೇಲ್ಗಡೆ ಗೋಡೆಯಲ್ಲಿ ಇರಬೇಕಾದದ್ದು. ಕೈಯ ಚಮಚ ಎಲ್ಲಿ ಬಿತ್ತೋ ಅವಳಿಗೆ ನೆನಪಿಲ್ಲ.

ಬಿಚ್ಚಿದವಳೂ ತಾನೇ, ಇನ್ಯಾರು, ಬ್ಯಾಟರಿ ಸತ್ತು ಅದು ನಿಮಿಷಕ್ಕೊಮ್ಮೆ ಕೀಕ್ ಅಂತಿದೆ, ಕಣ್ಣು ಮುಚ್ಚೋಕೆ ಆಗಲಿಲ್ಲ ಅಂತ ಈಸ್ಟರಿಗೆ ಬಂದಿದ್ದ ಮುದುಕ ದೂರು ಹೇಳಿದಾಗ, ಈಗಲೇ ಸರಿಮಾಡ್ತೀನಿ ಸರ್ ಎಂದು ಕುರ್ಚಿ ಹತ್ತಿ ಬಿಚ್ಚಿ ಏಪ್ರನ್ ಜೇಬಿಗೆ ಹಾಕಿದಳು, ಜೇಬಿನಿಂದ ಖಾನೆಗೆ, ಅಷ್ಟರಲ್ಲಿ ಐವರ್ ಕೊಟ್ಟಿಗೆಯಿಂದ ಕೂಗಿದ, ಬಾರೇ ಬೇಗ, ಮರಿ ಅಡ್ಡ ಬಂದಿದೆ, ನಿನ್ನ ಕೈ ಸಣ್ಣದು ಅಂತ, ಹೋದಳು, ಆ ವಾರ ಅರವತ್ತು ಕುರಿ ಈದವು, ಖಾನೆ ಎಷ್ಟು ಸಲ ತೆಗೆದಿರಬಹುದು, ದಿನಕ್ಕೆ ಹತ್ತು ಸಲ, ಕಣ್ಣಿಗೆ ಬೀಳುತ್ತಿತ್ತು, ಬಿದ್ದದ್ದು ತಲೆಗೆ ಹೋಗುತ್ತಿರಲಿಲ್ಲ. ಆಮೇಲೆ ಕಾಗೆಗಳು. ಬೂದು ಕತ್ತಿನ ಆ ಸಣ್ಣ ಕಾಗೆಗಳು, ಕೊಳವೆ ಕಂಡರೆ ಸಾಕು ಗೂಡು ಕಟ್ಟುವ ಜಾತಿ, ಮೊನ್ನೆ ಭಾನುವಾರ, ಇವರು ಬಂದ ದಿನ, ಐವರ್ ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತು, ನಿನ್ನ ಗಾಲಿಮನೆ ಮೇಲೆ ಎರಡು ಕಾಗೆ ಕಡ್ಡಿ ಸಾಗಿಸ್ತಿವೆ ನೋಡೇ, ಕೊಳವೆ ಬಾಯಿಗೆ ತಂತಿ ಬಲೆ ಕಟ್ಟಿಸು ಅಂತ ಹೇಳಿ ಹೇಳಿ ಸಾಕಾಯ್ತು ಅಂದ, ಅವಳು, ಇವರು ಹೋಗಲಿ ಕಟ್ಟಿಸೋಣ, ಮೇಲೆ ಹತ್ತಿ ಗಲಾಟೆ ಮಾಡಿದರೆ ಶಾಂತಿಗೆ ಅಂತ ಬಂದವರು ಏನಂದುಕೊಂಡಾರು ಅಂದಳು. ನಿನ್ನೆ ರಾತ್ರಿ ಹಿಮ ಬಿತ್ತು. ಹಿಮ ಬಿದ್ದ ರಾತ್ರಿ ಒಲೆಗೆ ಸೌದೆ ತುಂಬಿ ಗಾಳಿಕಿಂಡಿ ಮುಚ್ಚಿ ಮಲಗಿರುತ್ತಾರೆ, ಬೆಳಗಿನ ತನಕ ಕೆಂಡ ಇರಲಿ ಅಂತ, ಹಾಗೆ ಮಾಡಿ ಅಂತ ತೋರಿಸಿಕೊಟ್ಟದ್ದೂ ತಾನೇ. ಇಷ್ಟೆಲ್ಲ ಆ ಖಾನೆಯ ಮುಂದೆ ನಿಂತ ಒಂದು ಉಸಿರಿನಲ್ಲೇ ಗೊತ್ತಾಗಿತ್ತು, ಪಕ್ಕದಲ್ಲೇ ಗೋಡೆಗೆ ಫೋನು ಇತ್ತು, ಮೂರು ಒಂಬತ್ತು ಒತ್ತಿದ್ದರೆ ಆಂಬುಲೆನ್ಸ್ ಹೊರಡುತ್ತಿತ್ತು, ಬಾಗಿಲು ತೆಗೆದು ಬರಿಗಾಲಲ್ಲಿ ಓಡಿದ್ದರೆ ಐದು ನಿಮಿಷ, ಮತ್ತೆ ಅವಳ ಕೈ ಯಾಕೆ ಬ್ಯಾಟರಿ ಹುಡುಕಿತು, ಒಂದು ಟಾರ್ಚಿನಲ್ಲಿ ಸಿಕ್ಕಿತು, ಇನ್ನೊಂದು ಬೇಕು, ಎಲ್ಲಿಯೂ ಇಲ್ಲ, ಗೋಡೆಯ ಗಡಿಯಾರ ಇಳಿಸಿ ಅದರ ಬೆನ್ನಿನಿಂದ ಕಿತ್ತಳು, ಗಡಿಯಾರವನ್ನು ಮತ್ತೆ ಮೊಳೆಗೆ ತೂಗುಹಾಕಿದಳು, ಅಷ್ಟು ತಾಳ್ಮೆಯಿಂದ, ಮುಳ್ಳು ಹತ್ತು ನಲವತ್ತಾರಕ್ಕೆ ನಿಂತಿತ್ತು, ಆಮೇಲೆ ಮೇಜಿನ ಮುಂದೆ ಕೂತು, ಕೂತು, ಅಲಾರಮ್ಮಿನ ಮುಚ್ಚಳ ಚಾಕುವಿನಿಂದ ಎಬ್ಬಿಸಿದಳು, ಏಳಲಿಲ್ಲ, ಉಗುರು ಮುರಿಯಿತು, ಎದ್ದಿತು, ಹಾಕಿದಳು, ಹಸಿರು ದೀಪ ಮಿಣುಕಿತು. ಏನೂ ಆಗಿರದಿದ್ದರೆ ಹಾಸಿಗೆ ಬದಲಾಯಿಸುವ ನೆಪದಲ್ಲಿ ಹೋಗಿ ಗೋಡೆಗೆ ಸಿಕ್ಕಿಸಿ ಬಂದರಾಯಿತು, ಯಾರಿಗೂ ತಿಳಿಯದು — ಇಷ್ಟೇ ಅಂದುಕೊಂಡದ್ದು. ಅಲ್ಲ. ಏನಾದರೂ ಆಗಿದ್ದರೂ ಸಿಕ್ಕಿಸಬಹುದು ಅಂತಲೂ ಅಂದುಕೊಂಡಿತ್ತು ಮನಸ್ಸು, ಅದನ್ನು ಅವಳು ಕೇಳಿಸಿಕೊಂಡಿದ್ದಳು, ಕೇಳಿಸಿಕೊಂಡೇ ಹಾಸುಬಟ್ಟೆಗಳ ಕೆಳಗೆ ಅಲಾರಂ ಇಟ್ಟಿದ್ದಳು.

ಮೆಟ್ಟಿಲು. ಬೂಟುಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು, ಯಾಕೆ ಮೆಲ್ಲಗೆ, ಬೆರಳ ಗಂಟಿನಿಂದ ಎರಡೇ ಸಲ ತಟ್ಟಿದಳು, ಕ್ಷಮಿಸಿ, ತೊಂದರೆ ಕೊಡ್ತಿದೀನಿ, ಮಗಳ ಫೋನ್ ಬರ್ತಾ ಇತ್ತು, ಒಳಗೆ ಏನೂ ಇಲ್ಲ, ಕೆಮ್ಮಿಲ್ಲ, ಮಂಚದ ಕಿರ್ರೆಂಬ ಸದ್ದಿಲ್ಲ, ಚಾವಣಿಯ ಮೇಲೆ ಮಾತ್ರ ಕಾಗೆಯ ಕಾಲಿನ ಪರಪರ, ಹೆಸ್ಟರ್, ಹೆಸ್ಟರ್, ಅಂಗೈಯಿಂದ ಬಡಿದಳು, ಮುಷ್ಟಿಯಿಂದ ಬಡಿದಳು, ಇನ್ನೊಂದು ಬೀಗದ ಕೈ ಏಪ್ರನ್ ಜೇಬಿನಲ್ಲೇ ಇದೆ, ತೂತಿಗೆ ಸೇರುತ್ತಿಲ್ಲ, ಸೇರಿತು, ಬಾಗಿಲು ತೆರೆದಾಗ ಬಿಸಿ ಬಂದು ಮುಖಕ್ಕೆ ತಾಕಿತು, ಹೊಗೆಯಿಲ್ಲ, ವಾಸನೆಯೂ ಇಲ್ಲ, ಲ್ಯಾವೆಂಡರ್ ಅಷ್ಟೇ, ಹೆಸ್ಟರ್ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ, ಒಂದು ಕೈ ಹೊದಿಕೆಯ ಹೊರಗೆ, ಡಂಕನ್ ನೆಲದ ಮೇಲೆ, ಮಂಡಿ ಮಡಿಚಿಕೊಂಡು, ಬಾಗಿಲಿಗೆ ಎರಡು ಮಾರು ದೂರದಲ್ಲಿ, ಬರಲು ನೋಡಿದ್ದಾನೆ, ಎದ್ದು ಬಾಗಿಲಿಗೆ ಬರಲು ನೋಡಿದ್ದಾನೆ, ಅಯ್ಯೋ. ಬುಟ್ಟಿ ಕೈಯಿಂದ ಜಾರಿತು. ಉಸಿರು ಬಿಗಿಹಿಡಿದು ಒಳಗೆ ನುಗ್ಗಿದಳು, ಈದ ಕುರಿಯನ್ನು ಎಳೆಯುವ ಹಾಗೆ ಕಂಕುಳಿಗೆ ಕೈ ಹಾಕಿ ಹೆಸ್ಟರಳನ್ನು ಮಂಚದಿಂದ ಎಳೆದಳು, ಎಷ್ಟು ಭಾರ, ಹಿಮ್ಮಡಿ ಮೆಟ್ಟಿಲಿಗೆ ಟಕ್ ಟಕ್ ಎಂದು ಬಡಿಯಿತು, ಕ್ಷಮಿಸಿ ಎಂದಳು, ಹುಲ್ಲಿನ ಮೇಲೆ ಮಲಗಿಸಿ ಮತ್ತೆ ಒಳಗೆ, ಡಂಕನ್ನನ ಎರಡು ಕೈ ಹಿಡಿದು ಎಳೆಯುವಾಗ ಅವನ ಗಂಟಲಿನಿಂದ ಗೊರ್ ಎಂದು ಏನೋ ಬಂತು, ಬದುಕಿದ್ದಾನೆ, ಬದುಕಿದ್ದಾನೆ, ಬಾಗಿಲು ದಾಟುವಷ್ಟರಲ್ಲಿ ಉರುಳಿದ ಬುಟ್ಟಿಯಿಂದ, ಬಿಳಿ ಹಾಸುಬಟ್ಟೆಗಳ ಒಳಗಿನಿಂದ, ಅದು ಕೂಗತೊಡಗಿತು. ನಾಲ್ಕು ಕೂಗು, ಒಂದು ಬಿಡುವು, ನಾಲ್ಕು ಕೂಗು. ಕಣಿವೆಯೆಲ್ಲ ಕೇಳುವ ಹಾಗೆ. ಬಟ್ಟೆ ಇನ್ನಷ್ಟು ತುರುಕಿದರೂ ನಿಲ್ಲಲಿಲ್ಲ, ಆ ಹೊತ್ತಿನಲ್ಲೂ ಅದರ ಬಾಯಿ ಮುಚ್ಚಿಸಲು ಹೋಗಿ ಎರಡು ಉಸಿರಿನಷ್ಟು ಹೊತ್ತು ಹಾಳುಮಾಡಿದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಆ ಕೂಗು ಕೇಳಿಯೇ ಐವರ್ ಕೊಟ್ಟಿಗೆಯಿಂದ ಓಡಿಬಂದದ್ದು, ಮೊಣಕೈವರೆಗೆ ಕುರಿಯ ರಕ್ತ ಹಾಗೇ ಇತ್ತು, ಒಂದು ಸಲ ನೋಡಿದ, ಏನು ಎತ್ತ ಅಂತ ಕೇಳಲಿಲ್ಲ, ತಿರುಗಿ ಗೇಟಿನ ಕಡೆ ಓಡಿದ, ಮನೆಯೊಳಗೆ ಬಿಟ್ಟರೆ ಇಡೀ ಹೊಲದಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಆ ಗೇಟಿನ ಕಂಬದ ಹತ್ತಿರ ಮಾತ್ರ, ಅಲ್ಲಿಂದ ಕೂಗಿ ಕೂಗಿ ಹೇಳುತ್ತಿದ್ದಾನೆ, ಹೆಲಿಕಾಪ್ಟರ್ ಕಳಿಸ್ತಾರಂತೆ, ಇಪ್ಪತ್ತು ನಿಮಿಷ, ಪಕ್ಕಕ್ಕೆ ಹೊರಳಿಸು, ಗಲ್ಲ ಮೇಲೆತ್ತು, ಉಸಿರು ಎಣಿಸು, ಅವಳು ಹೊರಳಿಸಿದಳು, ಎತ್ತಿದಳು, ಡಂಕನ್ ಹುಲ್ಲಿನಲ್ಲಿ ಮಂಡಿ, ಅಂಗೈ ಊರಿಕೊಂಡು ವಾಂತಿ ಮಾಡುತ್ತಿದ್ದಾನೆ, ಮಾಡಲಿ, ಒಳ್ಳೆಯದೇ, ಹೆಸ್ಟರ್ ಮಾಡುತ್ತಿಲ್ಲ, ಹೆಸ್ಟರ್ ಉಸಿರು ಒಂದು, ಕಾದು, ಕಾದು, ಎರಡು, ಕಣ್ಣು ಅರ್ಧ ತೆರೆದಿದೆ, ಆದರೆ ನೋಡುತ್ತಿಲ್ಲ, ನೋಡಮ್ಮಾ, ಒಂದು ಸಲ ನೋಡು, ನಿನ್ನ ಮಗಳು ಮೂರು ಸಲ ಮಾಡಿದ್ದಾಳೆ, ಮೂರು ಸಲವೂ ನಾನು ಪಕ್ಕದಲ್ಲೇ ಇದ್ದೆ. ಮೆರಿಯಲ್, ಐವರ್ ಗೇಟಿನಿಂದ ಕೂಗಿದ, ಯಾವಾಗ ಗೊತ್ತಾಯ್ತು ಅಂತ ಕೇಳ್ತಿದಾರೆ, ಸರಿಯಾದ ಟೈಮ್ ಬೇಕಂತೆ, ಡಾಕ್ಟರಿಗೆ ಹೇಳಬೇಕಂತೆ. ಈಗ, ಅಂದಳು, ಅವನಿಗೆ ಕೇಳಿಸಲಿಲ್ಲ, ಏನು. ಈಗಷ್ಟೇ, ಹನ್ನೊಂದಕ್ಕೆ, ಹಾಸಿಗೆ ಬದಲಾಯಿಸೋಕೆ ಬಂದೆ, ಆಗ. ಅದು ತಾನಾಗೇ ಬಾಯಿಂದ ಬಂತು, ಸಲೀಸಾಗಿ ಬಂತು, ಬೆಳಗಿನಿಂದ ಬಂದ ಮಾತುಗಳಲ್ಲಿ ಇದೊಂದೇ ತೊದಲಿಲ್ಲ, ಐವರ್ ಫೋನಿಗೆ ಹೇಳುತ್ತಿದ್ದಾನೆ, ಹನ್ನೊಂದಕ್ಕೆ ಅಂತೆ, ಹ್ಞೂಂ, ನನ್ನ ಹೆಂಡತಿ, ಹ್ಞೂಂ, ಗೊತ್ತಾದ ತಕ್ಷಣ ಎಳೆದು ಹಾಕಿದಾಳೆ, ಅವನ ದನಿಯಲ್ಲಿ ಹೆಮ್ಮೆ ಇದೆ, ಹೆಮ್ಮೆ. ಅಲ್ಲ ಅಂತ ಈಗಲೇ ಕೂಗಬೇಕು, ಐವರ್, ಅಲ್ಲ, ಅದಕ್ಕೂ ಮೊದಲೇ, ಖಾನೆ ತೆಗೆದಾಗಲೇ ಅಂತ, ಡಂಕನ್ ತಲೆಯೆತ್ತಿ ಉರುಳಿದ ಬುಟ್ಟಿಯನ್ನು ನೋಡುತ್ತಿದ್ದಾನೆ, ಹಾಸುಬಟ್ಟೆಗಳೊಳಗೆ ಇನ್ನೂ ಕೂಗುತ್ತಿರುವುದನ್ನು ನೋಡುತ್ತಿದ್ದಾನೆ, ಹೆಸ್ಟರ್ ಉಸಿರು ಮೂರು, ಕಾದು, ನಾಲ್ಕು, ಅವಳಿಗೆ ಚಳಿ ಆಗಬಾರದಂತೆ ಕಣೇ, ನೀನು ಬಿಡಬೇಡ ಅವಳನ್ನ, ನಾನು ಮನೆಯಿಂದ ಕಂಬಳಿ ತರ್ತೀನಿ ಅಂತ ಐವರ್ ಇಳಿಜಾರಿನಲ್ಲಿ ಓಡುತ್ತಿದ್ದಾನೆ, ಅರವತ್ತು ದಾಟಿದ ಕಾಲು, ಹುಲ್ಲಿನಲ್ಲಿ ಜಾರುತ್ತ, ಕಂಬಳಿ ಇರುವುದು ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಬೆಂಚಿನ ಮೇಲೆ, ಬೆಂಚಿನ ಮೇಲ್ಗಡೆ ಗೋಡೆ, ಗೋಡೆಗೆ ಮೊಳೆ, ಹೊತ್ತೆಷ್ಟಾಯಿತು ಅಂತ ಅವನು ತಲೆಯೆತ್ತುವ ಜಾಗ ಅದೇ, ಮೂವತ್ತು ವರ್ಷದಿಂದ ಬಾಗಿಲು ದಾಟಿದ ಕೂಡಲೇ ತಲೆಯೆತ್ತುವ ಜಾಗ ಅದೇ, ಈಗ ಅಂಗಳ, ಈಗ ಬಾಗಿಲು, ಹೆಸ್ಟರ್ ಉಸಿರು ಐದು, ಕಾದು, ಕಾದು, ಬಿಳಿ ಮುಖದ ದುಂಡು ಗಡಿಯಾರ, ಚಿಕ್ಕ ಮುಳ್ಳು ಹನ್ನೊಂದರ ಹತ್ತಿರ ಹೋಗಿದೆ, ಮುಟ್ಟಿಲ್ಲ, ದೊಡ್ಡ ಮುಳ್ಳು ಒಂಬತ್ತನ್ನು ಒಂದೇ ಗೀಟು ದಾಟಿದೆ, ಹತ್ತು ನಲವತ್ತಾರು, ಹತ್ತು ನಲವತ್ತಾರು, ಹತ್ತು ನಲವತ್ತಾರು