ನಂದಿಷ್ಟೇ ಎನ್ನುವ ಬೈರೇಶ್

ಹೋಟೆಲಿನಲ್ಲಿ ಕುರ್ಚಿ ಎಳೆದುಕೊಳ್ಳುವ ಮೊದಲೇ ತನ್ನ ಖರ್ಚಿನ ಮಿತಿಯನ್ನು ಘೋಷಿಸಿಬಿಡುವ ಮನುಷ್ಯ ನಮ್ಮ ವಿಜಯಪುರದಲ್ಲಿ ಬೈರೇಶ್ ಒಬ್ಬನೇ. “ನಂದಿವತ್ತು ನೂರೈವತ್ತು, ಅಷ್ಟೇಯಾ,” ಎನ್ನುತ್ತಾನೆ, ಬಸ್ಸಿನಲ್ಲಿ ಕಂಡಕ್ಟರಿಗೆ ಇಳಿಯುವ ಊರು ಹೇಳುವಷ್ಟು ನಿರ್ಲಿಪ್ತವಾಗಿ. ದನಿಯಲ್ಲಿ ದೈನ್ಯವಿಲ್ಲ, ಜಿಪುಣನ ಜಾಣತನವೂ ಇಲ್ಲ. ಆಮೇಲೆ, ಕಡುಬೇಸಿಗೆಯಲ್ಲೂ ಬಿಡದ ಬೂದುಬಣ್ಣದ ತೋಳಿಲ್ಲದ ಸ್ವೆಟರನ್ನು ಕೆಳಗೆಳೆದುಕೊಂಡು, ಗೋಡೆಯ ದರಪಟ್ಟಿಯನ್ನು ಶಾಸನತಜ್ಞನ ಶ್ರದ್ಧೆಯಿಂದ ಆದ್ಯಂತ ಓದಿ, ಮಿತಿಯೊಳಗಿನ ಅತ್ಯುತ್ತಮವನ್ನು ತರಿಸಿಕೊಂಡು, ಬೆರಳು ನೆಕ್ಕುತ್ತ ಪರಮಸಂತೋಷದಿಂದ ತಿನ್ನುತ್ತಾನೆ.

ರೇಷ್ಮೆ ನೂಲಿಗೆ ಹುರಿ ಹಾಕುವ ಎರಡು ಯಂತ್ರಗಳ ಒಡೆಯನಾದ ಈತ ಬಡವನೇನಲ್ಲ. ಗೆಳೆಯರನ್ನು ಕಾಡಿದ್ದೂ ಅದೇ. ಇಲ್ಲದವನು ಇಲ್ಲವೆಂದರೆ ಅರ್ಥವಾಗುತ್ತದೆ; ಇದ್ದವನು ಇಷ್ಟೇ ಎಂದರೆ ಅದು ಯಾವ ಬಗೆಯ ಧೈರ್ಯ?

ಈ ಪ್ರಶ್ನೆ ಹೆಚ್ಚು ಕುಟುಕಿದ್ದು ಗೊಬ್ಬರದಂಗಡಿಯ ಮನೋಹರನನ್ನು. ಇಸ್ತ್ರಿ ಮುರಿಯದ ಬಿಳಿ ಷರಟು, ಮೋಡದ ದಿನವೂ ಇಳಿಯದ ಕಪ್ಪು ಕನ್ನಡಕ. ‘ಆಗಲ್ಲ’ ಎಂಬ ಪದ ಆ ಷರಟಿಗೆ ಕಲೆಯೆಂದೇ ಅವನ ನಂಬಿಕೆ. ಆದ್ದರಿಂದ ಊಟಿ, ತಿರುಪತಿಗಳ ಪ್ರಸ್ತಾಪ ಬಂದು ಕೈ ಬಿಗಿಯಾಗಿದ್ದಾಗಲೆಲ್ಲ ತ್ಯಾಮಗೊಂಡ್ಲಿನ ಸೋದರತ್ತೆಯನ್ನು ಆಸ್ಪತ್ರೆಗೆ ಸೇರಿಸುತ್ತಿದ್ದ. ಆ ಮಹಾತಾಯಿ ಒಮ್ಮೆ ಸಂತೆಯಲ್ಲಿ ಕುಂಬಳಕಾಯಿ ಹೊತ್ತು ಗಟ್ಟಿಮುಟ್ಟಾಗಿ ಎದುರಾದಾಗ ಬೈರೇಶ್ ಕೈಮುಗಿದು, “ಬೇಗ ವಾಸಿಯಾಯ್ತು ಬಿಡಮ್ಮ,” ಎಂದದ್ದುಂಟು.

ಗುಟ್ಟು ತಿಳಿಯಲು ಮನೋಹರ ಬೈರೇಶನ ಹೆಂಡತಿ ರೂಪಳನ್ನೇ ಕೇಳಿದ. ಅವಳು ನಕ್ಕಳು. “ಮದ್ವೆ ಮಾತುಕತೇಲೂ ಹಿಂಗೇ ಅಣ್ಣ. ಬೀಗರೂಟಕ್ಕೆ ಇನ್ನೂರು ಜನ ಬನ್ನಿ, ಅದಕ್ಕಿಂತ ಮೇಲೆ ನನ್ ಕೈಲಾಗಲ್ಲ ಅಂದ್ಬಿಟ್ರು ಇವ್ರು. ನಮ್ಮಪ್ಪ ಕೋಪ ಮಾಡ್ಕೊಳ್ತಾರೆ ಅನ್ಕೊಂಡೆ. ಮನೆಗೆ ಬಂದು, ಈ ಹುಡುಗ ಸುಳ್ಳು ಹೇಳಲ್ಲ ಕಣಮ್ಮ, ಒಪ್ಕೋ ಅಂದ್ರು.”

ಮನೋಹರನಿಗೆ ಇದು ಉತ್ತರವೆನಿಸಲಿಲ್ಲ.

ಅಷ್ಟರಲ್ಲಿ ಗುಂಪಿನ ಕೆಂಪರಾಜು ಹಾಲಿನ ಡೈರಿಯ ಚುನಾವಣೆಯಲ್ಲಿ ಗೆದ್ದ. ಗೆದ್ದವನ ಕೊರಳಿಗೆ ಸೇಬಿನ ಹಾರವನ್ನು ಕ್ರೇನಿನಿಂದಲೇ ಇಳಿಸಬೇಕೆಂಬುದು ಈಗ ನಮ್ಮ ಕಡೆ ಬೇರೂರಿರುವ ಶಿಷ್ಟಾಚಾರ. ಸೇಬು, ಕ್ರೇನು, ಪಟಾಕಿ ಎಲ್ಲ ಸೇರಿ ತಲೆಗೆ ಎಂಟು ಸಾವಿರವೆಂದು ಗುಂಪಿನ ಇನ್ನೊಬ್ಬ ಗೆಳೆಯ ಅಂಬರೀಶ್ ಚಹದಂಗಡಿಯಲ್ಲಿ ಕೂತು ತೀರ್ಪು ಕೊಟ್ಟ. ಮನೋಹರನ ಬಿಳಿ ಷರಟಿನ ಜೇಬಿನಲ್ಲಿ ಅಂದು ಅಷ್ಟು ಹಣವಿತ್ತು. ಅದು ಮಗಳು ರಂಜಿತಳ ಕಾಲೇಜಿನದು, ಮಾರನೆಯ ದಿನವೇ ಕಟ್ಟಬೇಕಾದದ್ದು. ಆದರೂ ಅವನ ಕೈ ಜೇಬಿನತ್ತ ಹೊರಟೇಬಿಟ್ಟಿತ್ತು.

“ನಂದು ಐನೂರು,” ಎಂದ ಬೈರೇಶ್. “ಅಷ್ಟೇಯಾ.”

“ಲೇ ಬೈರ, ಗೆಳೆಯನಿಗಿಂತ ದುಡ್ಡು ಹೆಚ್ಚಾಯ್ತೇನೋ?” ಅಂಬರೀಶ್ ಸಿಡುಕಿದ.

“ಗೆಳೆಯರು ಅಂತಲೇ ಹೇಳ್ತಿರೋದು ಕಣೋ. ದಾರೀಲಿ ಹೋಗೋರಿಗೆ ಯಾಕ್ ಹೇಳ್ಲಿ?”

ಮನೋಹರನ ಕೈ ಅರ್ಧದಲ್ಲೇ ನಿಂತಿತು. ಗಂಟಲು ಸರಿಮಾಡಿಕೊಂಡು ಶುರುಮಾಡಿದ: “ನೋಡ್ರಪ್ಪಾ, ಈ ಸಲ ಮಳೆ ನೋಡಿದ್ರೆ ಹಿಂಗೆ, ಗೊಬ್ಬರದ ಬಾಕಿ ವಸೂಲಿಲ್ಲ, ಅದ್ರ ಮೇಲೆ ನಮ್ಮತ್ತೆಗೆ ಬೇರೆ...”

“ಕಾರಣ ಯಾರ್ ಕೇಳಿದ್ರು ಗುರು? ಅಂಕಿ ಹೇಳು, ಸಾಕು,” ಎಂದ ಬೈರೇಶ್.

“ಐನೂರು,” ಎಂದ ಮನೋಹರ. ಭೂಮಿಯೇನೂ ಬಾಯಿಬಿಡಲಿಲ್ಲ. ಅಂಬರೀಶ್ ಮಾತ್ರ ಲೋಟದೊಳಗೆ ಇಣುಕುತ್ತ, “ನಿಜ ಹೇಳ್ಬೇಕಂದ್ರೆ, ನಾನೂ ಇದಕ್ಕೆ ಚೀಟಿ ಕೂಗಿ ದುಡ್ಡೆತ್ತೋಣ ಅಂತಿದ್ದೆ,” ಎಂದು ಗೊಣಗಿದ.

ಹಾರ ಕೈಯಲ್ಲೇ ಹಾಕುವಷ್ಟು ಸಣ್ಣದಾಯಿತು. ಆಕಾಶದತ್ತ ಕತ್ತೆತ್ತಿ ನಿಂತಿದ್ದ ಕೆಂಪರಾಜು, “ಕ್ರೇನ್ ಎಲ್ರೋ?” ಎಂದು ಕೇಳಿ, ಸಂಗತಿ ತಿಳಿದ ಮೇಲೆ ಬೈರೇಶನೊಡನೆ ಬಹಳ ದಿನ ಮಾತು ಬಿಟ್ಟ. ಬೈರೇಶನಿಗೆ ಅದರಿಂದ ನೋವಾಯಿತು. ಅವನ ಅಂಕಿ ಮಾತ್ರ ಬದಲಾಗಲಿಲ್ಲ. ರಂಜಿತ ಗಡುವಿನ ದಿನವೇ ಫೀಸು ಕಟ್ಟಿ ಬಂದಿದ್ದಳು.

ಬೈರೇಶನಂಥವರು ಉತ್ಸವಗಳ ಶೋಭೆ ತಗ್ಗಿಸುತ್ತಾರೆ, ಸುಳ್ಳೇಕೆ. ನಾವಾದರೋ ಗೆಳೆಯರೆದುರು ರಕ್ತದೊತ್ತಡ, ದಾಯಾದಿ ಜಗಳ, ಹೆಂಡತಿಯ ಮುನಿಸು ಎಲ್ಲವನ್ನೂ ಹರಡಿಕೊಂಡು, ಜೇಬಿನ ತಳವೊಂದನ್ನು ಮಾತ್ರ ಮುಚ್ಚಿಟ್ಟು, ಅದನ್ನು ಆಪ್ತತೆಯೆಂದು ಕರೆಯುತ್ತೇವೆ. ಅವರು ಮೊದಲು ಆ ತಳವನ್ನೇ ತೋರಿಸಿಬಿಡುತ್ತಾರೆ. ಆಮೇಲಿನ ಸಂಜೆಯೆಲ್ಲ ಅವರಿಗೆ ನಗುವುದಕ್ಕೆ ಪುರಸೊತ್ತಿರುತ್ತದೆ.